ಕದಡಿದ ನೀರು ತಿಳಿಯಾಗಲು: ತಾವೋ ಚಿಂತನೆ ಮತ್ತು ಮನೋಚಿಕಿತ್ಸೆ ಕುರಿತು ಓದುಗರ ಪ್ರಶ್ನೆಗಳು

ಕೆಲವು ತಿಂಗಳುಗಳಿಂದ ಈ ಅಂಕಣಕ್ಕೆ ಬರುತ್ತಿರುವ ಪತ್ರಗಳಲ್ಲಿ ಒಂದು ವಿಷಯ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತಿದೆ. ಪ್ರಾಚೀನ ಚೀನಾದ ತಾವೋ ಚಿಂತನೆಯನ್ನು ಓದಿ ಮೆಚ್ಚಿದವರು ಅದನ್ನು ತಮ್ಮ ಆತಂಕಕ್ಕೆ, ದುಗುಡಕ್ಕೆ, ಸಂಬಂಧಗಳ ಬಿಕ್ಕಟ್ಟಿಗೆ ಹೇಗೆ ಅನ್ವಯಿಸಿಕೊಳ್ಳಬಹುದೆಂದು ಕೇಳಿದ್ದಾರೆ. ಅನ್ವಯಿಸಿಕೊಳ್ಳಲು ಹೋಗಿ ತೊಡಕಿಗೆ ಸಿಕ್ಕವರೂ ಬರೆದಿದ್ದಾರೆ. ಆ ಪತ್ರಗಳಲ್ಲಿ ಆರನ್ನು ಆಯ್ದುಕೊಂಡು, ಬರೆದವರ ಗುರುತು ತಿಳಿಯದಂತೆ ಸಂಗ್ರಹಿಸಿ, ಇಲ್ಲಿ ಉತ್ತರಿಸಿದ್ದೇನೆ. ಉತ್ತರಗಳಲ್ಲಿ ಎರಡು ಗ್ರಂಥಗಳ ಹೆಸರು ಬರುತ್ತದೆ. ಒಂದು, ಲಾವೋತ್ಸೆಯದೆಂದು ಹೇಳಲಾಗುವ, 81 ಪುಟ್ಟ ಅಧ್ಯಾಯಗಳ ‘ತಾವೋ ತೇ ಚಿಂಗ್’. ಇನ್ನೊಂದು, ಕತೆಗಳಲ್ಲೇ ಮಾತನಾಡುವ, 33 ಅಧ್ಯಾಯಗಳ ‘ಚುವಾಂಗ್‌ತ್ಸೆ’. ‘ತಾವೋ’ ಎಂಬ ಪದಕ್ಕೆ ದಾರಿ ಎಂದರ್ಥ.

ಪ್ರಶ್ನೆ: ನನಗೆ 38 ವರ್ಷ. ಒಂದು ವರ್ಷದಿಂದ ಹಗಲೆಲ್ಲ ಒಂದಲ್ಲ ಒಂದು ಚಿಂತೆ ಕಾಡುತ್ತದೆ, ರಾತ್ರಿ ನಿದ್ರೆ ಹತ್ತುವುದಿಲ್ಲ. ತಾವೋ ಚಿಂತನೆಯ ‘ವು ವೇ’, ಅಂದರೆ ಏನನ್ನೂ ಮಾಡದೆ ಇರುವುದು, ಮನಸ್ಸಿಗೆ ಶಾಂತಿ ಕೊಡುತ್ತದೆ ಎಂದು ಓದಿದೆ. ಅಂದಿನಿಂದ ಚಿಂತೆಯನ್ನು ಬಿಟ್ಟುಬಿಡಲು ಪ್ರಯತ್ನಿಸುತ್ತಿದ್ದೇನೆ. ಎಷ್ಟು ಪ್ರಯತ್ನಿಸಿದರೂ ಬಿಡಲು ಆಗುತ್ತಿಲ್ಲ. ನಾನು ಎಲ್ಲಿ ತಪ್ಪುತ್ತಿದ್ದೇನೆ?

ಉತ್ತರ: ನಿಮ್ಮ ಪತ್ರದ ಕೊನೆಯ ಸಾಲುಗಳನ್ನು ನೀವೇ ಇನ್ನೊಮ್ಮೆ ನಿಧಾನವಾಗಿ ಓದಿ ನೋಡಬೇಕೆಂದು ಕೇಳಿಕೊಳ್ಳುತ್ತೇನೆ. ಚಿಂತೆಯನ್ನು ಬಿಡುವುದನ್ನೂ ನೀವು ಒಂದು ಕೆಲಸವನ್ನಾಗಿ ಮಾಡಿಕೊಂಡಿದ್ದೀರಿ. ಆ ಕೆಲಸ ಆಯಿತೋ ಇಲ್ಲವೋ ಎಂದು ಗಳಿಗೆಗೊಮ್ಮೆ ಪರೀಕ್ಷಿಸುತ್ತಿದ್ದೀರಿ. ಆಗಿಲ್ಲವೆಂದು ಕಂಡೊಡನೆ ಮೊದಲಿನ ಚಿಂತೆಯ ಮೇಲೆ ‘ಇದೂ ನನ್ನಿಂದಾಗಲಿಲ್ಲವಲ್ಲ’ ಎಂಬ ಇನ್ನೊಂದು ಚಿಂತೆಯನ್ನು ಹೇರಿಕೊಳ್ಳುತ್ತಿದ್ದೀರಿ. ಇದನ್ನು ದೋಷವೆಂದು ಎತ್ತಿ ತೋರಿಸುತ್ತಿಲ್ಲ. ಆತಂಕದಿಂದ ನರಳುವ ಬಹುಪಾಲು ಜನರು ಸಿಕ್ಕಿಕೊಳ್ಳುವ ಸುಳಿ ಇದೇ, ಮತ್ತು ಇದಕ್ಕೆ ಮನಸ್ಸಿನ ರಚನೆಯೇ ಕಾರಣ.

1987ರಲ್ಲಿ ಅಮೆರಿಕದ ಮನೋವಿಜ್ಞಾನಿ ಡೇನಿಯಲ್ ವೆಗ್ನರ್ ಮತ್ತು ಸಂಗಡಿಗರು ಒಂದು ಸರಳ ಪ್ರಯೋಗವನ್ನು ಪ್ರಕಟಿಸಿದರು. ಐದು ನಿಮಿಷಗಳ ಕಾಲ ಬಿಳಿ ಕರಡಿಯನ್ನು ನೆನೆಯಬಾರದು, ನೆನಪಾದರೆ ಗಂಟೆ ಬಾರಿಸಬೇಕು ಎಂದು ಭಾಗವಹಿಸಿದವರಿಗೆ ಹೇಳಲಾಯಿತು. ಗಂಟೆ ಮತ್ತೆ ಮತ್ತೆ ಬಾರಿಸುತ್ತಲೇ ಇತ್ತು. ಅದಕ್ಕಿಂತ ಮುಖ್ಯವಾದುದು ಆಮೇಲೆ ನಡೆಯಿತು: ಇನ್ನು ಕರಡಿಯನ್ನು ಎಷ್ಟಾದರೂ ನೆನೆಯಬಹುದು ಎಂದಾಗ, ಮೊದಲು ತಡೆದುಕೊಂಡಿದ್ದವರಿಗೆ ಅದು, ಆರಂಭದಿಂದಲೇ ನೆನೆಯಲು ಅವಕಾಶವಿದ್ದವರಿಗಿಂತ ಹೆಚ್ಚು ಸಲ ನೆನಪಿಗೆ ಬಂದಿತು. ಒಂದು ಯೋಚನೆ ಮನಸ್ಸಿನಲ್ಲಿ ಇಲ್ಲವೆಂದು ಖಚಿತಪಡಿಸಿಕೊಳ್ಳಬೇಕಾದರೆ ಮನಸ್ಸು ಅದನ್ನು ಹುಡುಕುತ್ತಲೇ ಇರಬೇಕಾಗುತ್ತದೆ, ಹುಡುಕಿದವರಿಗೆ ಅದು ಸಿಕ್ಕೇ ಸಿಗುತ್ತದೆ.

ಚುವಾಂಗ್‌ತ್ಸೆ ಗ್ರಂಥದ 31ನೆಯ ಅಧ್ಯಾಯದಲ್ಲಿ ಇದೇ ಮಾತು ಕತೆಯ ರೂಪದಲ್ಲಿದೆ. ತನ್ನ ನೆರಳನ್ನು ಕಂಡು ಹೆದರುವ, ತನ್ನ ಹೆಜ್ಜೆ ಗುರುತುಗಳನ್ನು ಕಂಡರಾಗದ ಒಬ್ಬ ಮನುಷ್ಯ ಅವೆರಡರಿಂದ ತಪ್ಪಿಸಿಕೊಳ್ಳಲು ಓಡತೊಡಗುತ್ತಾನೆ. ಓಡಿದಷ್ಟೂ ಹೆಜ್ಜೆಗಳು ಹೆಚ್ಚುತ್ತವೆ. ಎಷ್ಟು ವೇಗವಾಗಿ ಓಡಿದರೂ ನೆರಳು ಬೆನ್ನು ಬಿಡುವುದಿಲ್ಲ. ತನ್ನ ವೇಗ ಸಾಲದೆಂದು ತಿಳಿದು ಅವನು ನಿಲ್ಲದೆ ಓಡಿ, ಬಲವೆಲ್ಲ ತೀರಿ ಸತ್ತುಹೋಗುತ್ತಾನೆ. ಮರದ ನೆರಳಿಗೆ ಹೋಗಿ ಕುಳಿತಿದ್ದರೆ ಅವನ ನೆರಳು ಅಳಿಯುತ್ತಿತ್ತು, ಸುಮ್ಮನಿದ್ದಿದ್ದರೆ ಹೆಜ್ಜೆಗಳು ನಿಲ್ಲುತ್ತಿದ್ದವು ಎಂದು ಕತೆ ಹೇಳುತ್ತದೆ. ಆತಂಕದ ಕಾಯಿಲೆಯ ಒಳಗುಟ್ಟನ್ನು ಇಷ್ಟು ಚಿಕ್ಕದಾಗಿ, ಇಷ್ಟು ಕರುಣೆಯಿಂದ ಹೇಳಿದ ಬರಹ ಇನ್ನೊಂದನ್ನು ನಾನು ಓದಿಲ್ಲ.

‘ವು’ ಎಂದರೆ ಇಲ್ಲ, ‘ವೇ’ ಎಂದರೆ ಮಾಡುವುದು. ಅಕ್ಷರಶಃ ನೋಡಿದರೆ ‘ಮಾಡದಿರುವುದು’ ಎಂದಾಗುತ್ತದೆ. ಆದರೆ ಈ ಗ್ರಂಥಗಳಲ್ಲಿ ಅದು ಬಳಕೆಯಾಗುವ ಬಗೆಯನ್ನು ನೋಡಿದರೆ, ಬಲವಂತವಿಲ್ಲದೆ ಮಾಡುವುದು ಎಂಬ ಅರ್ಥವೇ ಹೆಚ್ಚು ಹೊಂದುತ್ತದೆ. ಗಂಟನ್ನು ಜಗ್ಗಿ ಬಿಚ್ಚಲು ಹೋದರೆ ಅದು ಬಿಗಿಯಾಗುತ್ತದೆ. ಜಗ್ಗುವುದನ್ನು ನಿಲ್ಲಿಸಿ, ಎಳೆ ಎಲ್ಲಿಂದ ಎಲ್ಲಿಗೆ ಹೋಗಿದೆ ಎಂದು ನೋಡಿದಾಗ ಬೆರಳುಗಳಿಗೆ ಕೆಲಸ ಕಾಣುತ್ತದೆ. ನೀವು ನಿಲ್ಲಿಸಬೇಕಾದದ್ದು ಈ ಜಗ್ಗುವಿಕೆಯನ್ನು ಮಾತ್ರ. ಚಿಂತೆ ಬಂದಾಗ ‘ಚಿಂತೆ ಬಂದಿದೆ’ ಎಂದು ಮನಸ್ಸಿನಲ್ಲೇ ಗುರುತಿಸಿ, ಅದಕ್ಕೆ ಉತ್ತರ ಕೊಡದೆ, ಅದನ್ನು ಓಡಿಸದೆ, ಅದು ಇರುವಾಗಲೇ ಕೈಯಲ್ಲಿದ್ದ ಕೆಲಸವನ್ನು ಮುಂದುವರಿಸಿ. ಚಿಂತೆ ಹೋದ ಮೇಲೆ ಬದುಕುತ್ತೇನೆ ಎಂಬ ಷರತ್ತನ್ನು ಸಡಿಲಿಸುವುದೇ ಇಲ್ಲಿ ಮೊದಲ ಹೆಜ್ಜೆ.

ನಿದ್ರೆಯ ವಿಷಯದಲ್ಲಿ ಇದು ಇನ್ನೂ ಸ್ಪಷ್ಟವಾಗಿ ಕಾಣುತ್ತದೆ, ಏಕೆಂದರೆ ನಿದ್ರೆ ಪ್ರಯತ್ನಕ್ಕೆ ಒಲಿಯುವ ವಸ್ತುವೇ ಅಲ್ಲ. ವಿಯೆನ್ನಾದ ಮನೋವೈದ್ಯ ವಿಕ್ಟರ್ ಫ್ರಾಂಕ್ಲ್ ತಮ್ಮ ಬಳಿ ಬಂದ ನಿದ್ರಾಹೀನರಿಗೆ, ನಿದ್ರಿಸಲು ಯತ್ನಿಸುವ ಬದಲು ಎಚ್ಚರವಾಗಿರಲು ಯತ್ನಿಸಿ ಎಂದು ಸೂಚಿಸುತ್ತಿದ್ದರು. ನಿದ್ರೆ ಬಾರದೇ ಹೋದೀತೆಂಬ ಭಯ ಕರಗಿದಾಗ ನಿದ್ರೆಗೆ ದಾರಿ ತೆರೆಯುತ್ತದೆ ಎಂಬುದು ಅವರ ತಿಳಿವಳಿಕೆಯಾಗಿತ್ತು. ನೀವು ಮಾಡಬಹುದಾದದ್ದು ಇಷ್ಟು: ಬೆಳಿಗ್ಗೆ ಏಳುವ ಹೊತ್ತನ್ನು, ರಾತ್ರಿ ಹೇಗೆ ಕಳೆದಿದ್ದರೂ, ಬದಲಿಸಬೇಡಿ. ಕಣ್ಣು ತೂಗಿದಾಗ ಮಾತ್ರ ಹಾಸಿಗೆಗೆ ಹೋಗಿ. ಬಹಳ ಹೊತ್ತು ಹೊರಳಾಡುವಂತಾದರೆ ಎದ್ದು ಮಂದ ಬೆಳಕಿನಲ್ಲಿ ಶಾಂತವಾದ ಏನನ್ನಾದರೂ ಮಾಡಿ, ತೂಕಡಿಕೆ ಬಂದಾಗ ಮರಳಿ. ಗಡಿಯಾರವನ್ನು ಕಣ್ಣಿಗೆ ಕಾಣದ ಕಡೆ ಇಡಿ.

ತಾವೋ ತೇ ಚಿಂಗ್‌ನ 15ನೆಯ ಅಧ್ಯಾಯದಲ್ಲಿ ಒಂದು ಜೋಡಿ ಪ್ರಶ್ನೆ ಇದೆ: ಕದಡಿದ ನೀರಿನಂತಿದ್ದು, ನಿಶ್ಚಲತೆಯಿಂದ ಮೆಲ್ಲಗೆ ತಿಳಿಯಾಗಬಲ್ಲವರು ಯಾರು? ನಿಶ್ಚಲವಾಗಿದ್ದು, ಚಲನೆಯಿಂದ ಮೆಲ್ಲಗೆ ಜೀವ ತಳೆಯಬಲ್ಲವರು ಯಾರು? ಮೊದಲ ಪ್ರಶ್ನೆಯನ್ನು ಎಲ್ಲರೂ ಉದ್ಧರಿಸುತ್ತಾರೆ, ಎರಡನೆಯದನ್ನು ಮರೆಯುತ್ತಾರೆ. ಈ ಮರೆವು ಚಿಕ್ಕದಲ್ಲ ಎಂದು ನನಗನ್ನಿಸುತ್ತದೆ. ಆತಂಕದಲ್ಲಿ ಕದಡಿದವರಿಗೆ ಮೊದಲನೆಯದು ಬೇಕು. ಖಿನ್ನತೆಯಲ್ಲಿ ಹೆಪ್ಪುಗಟ್ಟಿದವರಿಗೆ ಎರಡನೆಯದು ಬೇಕು. ದಿನವಿಡೀ ಮಲಗಿರುವ ಖಿನ್ನ ಮನಸ್ಸಿಗೆ ‘ಸುಮ್ಮನಿರು’ ಎಂದು ಬೋಧಿಸುವುದು ವು ವೇ ಅಲ್ಲ. ಅಂಥವರು ಉತ್ಸಾಹಕ್ಕಾಗಿ ಕಾಯದೆ ಹತ್ತು ನಿಮಿಷ ನಡೆದು ಬರುವುದೇ ನೀರಿಗೆ ಚಲನೆ ತರುವ ಬಗೆ.

ನಿಮ್ಮ ತೊಂದರೆ ವರ್ಷದಿಂದ ಇದೆ, ನಿದ್ರೆಯನ್ನೂ ಕೆಡಿಸಿದೆ. ಆದ್ದರಿಂದ ಈ ಓದಿನ ಜೊತೆಗೆ ಮನೋವೈದ್ಯರನ್ನೋ ತರಬೇತಿ ಪಡೆದ ಮನಶ್ಶಾಸ್ತ್ರಜ್ಞರನ್ನೋ ಒಮ್ಮೆ ಕಾಣಿ. ಥೈರಾಯ್ಡ್‌ನಂಥ ದೈಹಿಕ ಕಾರಣಗಳೂ ಆತಂಕದ ರೂಪ ತಾಳುವುದುಂಟು. ಅದನ್ನು ಪರೀಕ್ಷೆಯಿಂದ ಮಾತ್ರ ತಿಳಿಯಬಹುದು.

ಪ್ರಶ್ನೆ: ನಾನು ಮನಶ್ಶಾಸ್ತ್ರದ ಸ್ನಾತಕೋತ್ತರ ವಿದ್ಯಾರ್ಥಿನಿ. ತಾವೋ ಚಿಂತನೆಗೂ ಮನೋಚಿಕಿತ್ಸೆಗೂ ಇರುವ ನಂಟು ಕೇವಲ ಸುಂದರ ಹೋಲಿಕೆಯೇ, ಅಥವಾ ಅದನ್ನು ಯಾರಾದರೂ ಚಿಕಿತ್ಸೆಯಾಗಿ ರೂಪಿಸಿ ಪರೀಕ್ಷಿಸಿದ್ದಾರೆಯೇ?

ಉತ್ತರ: ರೂಪಿಸಿದ್ದಾರೆ, ಪರೀಕ್ಷಿಸಿಯೂ ಇದ್ದಾರೆ. ಚೀನಾದ ಹುನಾನ್ ಪ್ರಾಂತ್ಯದ ಚಾಂಗ್‌ಶಾ ನಗರದ ಮನೋವೈದ್ಯರಾದ ಯಾಂಗ್ ದೆಸೆನ್, ಜಾಂಗ್ ಯಾಲಿನ್ ಮತ್ತು ಸಂಗಡಿಗರು ಬೆಳೆಸಿದ ಪದ್ಧತಿಗೆ ‘ಚೀನೀ ತಾವೋ ಅರಿವಿನ ಚಿಕಿತ್ಸೆ’ ಎನ್ನಬಹುದಾದ ಹೆಸರಿದೆ. ಅದರಲ್ಲಿ ಐದು ಹಂತಗಳಿವೆ. ವ್ಯಕ್ತಿಯ ಬದುಕಿನಲ್ಲಿ ಈಗ ನಿಜವಾಗಿ ಒತ್ತಡ ತರುತ್ತಿರುವ ಸಂಗತಿಗಳನ್ನು ಮೊದಲು ಗುರುತಿಸುತ್ತಾರೆ. ಬಳಿಕ ಅವರು ಯಾವುದಕ್ಕೆ ಬೆಲೆ ಕೊಡುತ್ತಾರೆ, ಯಾವುದನ್ನು ನಂಬಿದ್ದಾರೆ ಎಂಬುದನ್ನು ಅಳೆಯುತ್ತಾರೆ. ಮೂರನೆಯದಾಗಿ ಅವರೊಳಗಿನ ತಾಕಲಾಟವನ್ನೂ ಅದನ್ನು ನಿಭಾಯಿಸಲು ಅವರು ಹಿಡಿದಿರುವ ದಾರಿಯನ್ನೂ ವಿಶ್ಲೇಷಿಸುತ್ತಾರೆ. ನಾಲ್ಕನೆಯ ಹಂತದಲ್ಲಿ ಮಾತ್ರ ತಾವೋ ತತ್ತ್ವ ಬರುತ್ತದೆ. ಕೊನೆಯದು, ಬಂದ ಬದಲಾವಣೆಯನ್ನು ಅಳೆದು ಗಟ್ಟಿಗೊಳಿಸುವ ಹಂತ.

ನಾಲ್ಕನೆಯ ಹಂತದ ತಿರುಳು 32 ಚೀನೀ ಅಕ್ಷರಗಳ ಎಂಟು ಸೂತ್ರಗಳಲ್ಲಿದೆ. ಅವನ್ನು ಕನ್ನಡದಲ್ಲಿ ಹೀಗೆ ಹೇಳಬಹುದು: ಒಳಿತು ಮಾಡು, ಕೇಡು ಮಾಡಬೇಡ; ದುಡಿ, ಸೆಣಸಬೇಡ; ಸ್ವಾರ್ಥವನ್ನೂ ಬಯಕೆಯನ್ನೂ ತಗ್ಗಿಸು; ಎಷ್ಟು ಸಾಕು, ಎಲ್ಲಿ ನಿಲ್ಲಬೇಕು ಎಂಬುದನ್ನು ಅರಿ; ಸಾಮರಸ್ಯವನ್ನು ತಿಳಿದು ತಗ್ಗಿನಲ್ಲಿರು; ಮೃದುವಿನಿಂದ ಗಡಸನ್ನು ಗೆಲ್ಲು; ನಿರ್ಮಲ ಶಾಂತಿಯಲ್ಲಿ, ಬಲವಂತವಿಲ್ಲದೆ ಇರು; ಸಹಜವಾದುದನ್ನು ಅನುಸರಿಸು.

2002ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ, ಯಾವಾಗಲೂ ಯಾವುದಾದರೊಂದರ ಬಗ್ಗೆ ಆತಂಕಪಡುತ್ತಲೇ ಇರುವ ಕಾಯಿಲೆಯಿದ್ದ 143 ಜನರನ್ನು ಮೂರು ಗುಂಪು ಮಾಡಿ, ಒಂದಕ್ಕೆ ಈ ಚಿಕಿತ್ಸೆಯನ್ನು, ಇನ್ನೊಂದಕ್ಕೆ ಆತಂಕ ತಗ್ಗಿಸುವ ಬೆಂಜೊಡಯಜೆಪೀನ್ ವರ್ಗದ ಮಾತ್ರೆಗಳನ್ನು, ಮೂರನೆಯದಕ್ಕೆ ಎರಡನ್ನೂ ಕೊಡಲಾಯಿತು. ಮೊದಲ ತಿಂಗಳಲ್ಲಿ ಮಾತ್ರೆ ಪಡೆದವರು ಬೇಗ ಚೇತರಿಸಿಕೊಂಡರು, ಕೇವಲ ತಾವೋ ಚಿಕಿತ್ಸೆ ಪಡೆದವರಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಕಾಣಲಿಲ್ಲ. ಆರು ತಿಂಗಳಾದಾಗ ಚಿತ್ರ ತಿರುಗಿತ್ತು: ಮಾತ್ರೆಯೊಂದರಿಂದಲೇ ಬಂದ ಲಾಭ ಉಳಿದಿರಲಿಲ್ಲ, ತಾವೋ ಚಿಕಿತ್ಸೆಯ ಲಾಭ ಎದ್ದು ಕಾಣುತ್ತಿತ್ತು. ಎರಡನ್ನೂ ಪಡೆದವರಿಗೆ ಬೇಗನೆಯೂ ನೆಮ್ಮದಿ ಸಿಕ್ಕಿತು, ಅದು ಉಳಿಯಿತು ಕೂಡ.

ಈ ಫಲಿತಾಂಶವನ್ನು ಓದುವಾಗ ನೀವು ವಿದ್ಯಾರ್ಥಿಯ ಎಚ್ಚರವನ್ನು ಬಿಡಬಾರದು. 143 ದೊಡ್ಡ ಸಂಖ್ಯೆಯಲ್ಲ. ಯಾವ ಚಿಕಿತ್ಸೆಯನ್ನೂ ಪಡೆಯದೆ ಆರು ತಿಂಗಳು ಕಳೆದವರ ಹೋಲಿಕೆ ಅಲ್ಲಿಲ್ಲ. ಚಿಕಿತ್ಸೆ ಪಡೆದವರು ಈ ಮಾತುಗಳನ್ನು ಬಾಲ್ಯದಿಂದ ಕೇಳುತ್ತ ಬೆಳೆದ ಸಂಸ್ಕೃತಿಯವರು. ಹಾಗಿದ್ದೂ ನಾನು ಈ ಅಧ್ಯಯನವನ್ನು ಗೌರವದಿಂದ ಕಾಣುತ್ತೇನೆ. ಒಂದು ಸಮಾಜ ತನ್ನ ಚಿಂತನೆಯ ಬೇರಿನಿಂದಲೇ ಚಿಕಿತ್ಸೆಯನ್ನು ತೆಗೆದು, ಅದನ್ನು ಪ್ರಶಂಸೆಗೆ ಬಿಡದೆ ಅಳತೆಗೆ ಒಡ್ಡಿದ್ದು ಧೈರ್ಯದ ಕೆಲಸ. ಆ ಎಂಟು ಸೂತ್ರಗಳನ್ನು ಗೋಡೆಗೆ ಅಂಟಿಸಿ ಆಜ್ಞೆಗಳಂತೆ ಪಾಲಿಸಹೊರಟರೆ ಅವು ಇನ್ನೊಂದು ಬಲವಂತವಾಗುತ್ತವೆ ಎಂಬುದನ್ನು ಮಾತ್ರ ಗಮನದಲ್ಲಿಡಿ. ಮೊದಲ ಮೂರು ಹಂತಗಳಲ್ಲಿ ವ್ಯಕ್ತಿಯನ್ನು ಕೇಳಿಸಿಕೊಂಡ ಮೇಲೆಯೇ ಸೂತ್ರಗಳು ಬರುತ್ತವೆ. ಆ ಕ್ರಮದಲ್ಲೇ ಪದ್ಧತಿಯ ವಿವೇಕವಿದೆ.

ಪಶ್ಚಿಮದ ಮನೋಚಿಕಿತ್ಸೆಗೂ ಈ ಚಿಂತನೆ ಹೊಸತಲ್ಲ. ಜರ್ಮನ್ ವಿದ್ವಾಂಸ ರಿಚರ್ಡ್ ವಿಲ್ಹೆಲ್ಮ್ ಅನುವಾದಿಸಿದ, ತಾವೋ ಧ್ಯಾನಕ್ಕೆ ಸಂಬಂಧಿಸಿದ ಒಂದು ಚೀನೀ ಗ್ರಂಥಕ್ಕೆ ಸ್ವಿಟ್ಜರ್ಲೆಂಡ್‌ನ ಮನೋವೈದ್ಯ ಕಾರ್ಲ್ ಯೂಂಗ್ 1929ರಲ್ಲಿ ವ್ಯಾಖ್ಯಾನ ಬರೆದರು. ಬದುಕಿನ ಅತಿ ದೊಡ್ಡ ಸಮಸ್ಯೆಗಳು ಮೂಲತಃ ಬಗೆಹರಿಯುವಂಥವಲ್ಲ, ಅವನ್ನು ಮೀರಿ ಬೆಳೆಯುವುದಷ್ಟೇ ಸಾಧ್ಯ ಎಂಬ ಆಶಯದ ಮಾತು ಬರುವುದು ಆ ವ್ಯಾಖ್ಯಾನದಲ್ಲಿ. ಅಮೆರಿಕದ ಮನೋವಿಜ್ಞಾನಿ ಕಾರ್ಲ್ ರೋಜರ್ಸ್ ತಮ್ಮ ಇಪ್ಪತ್ತರ ಹರೆಯದಲ್ಲಿ, 1922ರಲ್ಲಿ, ಕ್ರೈಸ್ತ ವಿದ್ಯಾರ್ಥಿಗಳ ಸಮ್ಮೇಳನಕ್ಕಾಗಿ ಚೀನಾಕ್ಕೆ ಹೋಗಿದ್ದರು. ನಾನು ಜನರ ನಡುವೆ ಕೈಹಾಕದಿದ್ದರೆ ಅವರು ತಾವಾಗಿಯೇ ಬದಲಾಗುತ್ತಾರೆ ಎಂಬ ಲಾವೋತ್ಸೆಯ 57ನೆಯ ಅಧ್ಯಾಯದ ಭಾವ ತಮ್ಮ ನಂಬಿಕೆಗೆ ಬಹಳ ಹತ್ತಿರದ್ದೆಂದು ಮುಂದೆ ಬರೆದರು. ನಿಮ್ಮ ಪ್ರಬಂಧಕ್ಕೆ ಈ ಇಬ್ಬರಿಗಿಂತ ಚಾಂಗ್‌ಶಾದ ವೈದ್ಯರನ್ನೇ ಕೇಂದ್ರದಲ್ಲಿಡಿ ಎಂಬುದು ನನ್ನ ಸಲಹೆ. ಅವರ ಬಗ್ಗೆ ಬರೆದವರು ಕಡಿಮೆ.

ಪ್ರಶ್ನೆ: ನನ್ನ ಗಂಡ ಎಲ್ಲರೆದುರು ನನ್ನನ್ನು ಹೀಯಾಳಿಸುತ್ತಾರೆ, ನನ್ನ ಸಂಬಳವನ್ನು ತಾವೇ ಇಟ್ಟುಕೊಳ್ಳುತ್ತಾರೆ. ಎರಡು ಸಲ ಕೈ ಮಾಡಿದ್ದಾರೆ. ಆಪ್ತ ಗೆಳತಿಯೊಬ್ಬಳು ‘ನೀರಿನಂತಿರು, ಮೃದುವಾದದ್ದು ಗಡಸಾದದ್ದನ್ನು ಗೆಲ್ಲುತ್ತದೆ’ ಎಂಬ ತಾವೋ ಮಾತನ್ನು ಹೇಳಿ ಸಮಾಧಾನಪಡಿಸುತ್ತಾಳೆ. ನಾನು ಇನ್ನೂ ಎಷ್ಟು ತಾಳಿಕೊಳ್ಳಬೇಕು?

ಉತ್ತರ: ತಾಳಿಕೊಳ್ಳಬೇಕಾಗಿಲ್ಲ. ನಿಮ್ಮ ಗೆಳತಿಯ ಪ್ರೀತಿಯ ಬಗ್ಗೆ ನನಗೆ ಅನುಮಾನವಿಲ್ಲ, ಆದರೆ ಆ ಮಾತನ್ನು ಅವರು ಇಟ್ಟ ಜಾಗ ತಪ್ಪು. ಹೊಡೆತವನ್ನು ಸಹಿಸುವುದು ತಾವೋ ಅಲ್ಲ, ಚಿಕಿತ್ಸೆಯೂ ಅಲ್ಲ.

ಲಾವೋತ್ಸೆಯ ನೀರನ್ನು ಸ್ವಲ್ಪ ಗಮನವಿಟ್ಟು ನೋಡೋಣ. 78ನೆಯ ಅಧ್ಯಾಯ, ಜಗತ್ತಿನಲ್ಲಿ ನೀರಿಗಿಂತ ಮೃದುವಾದದ್ದಿಲ್ಲ ಎಂದು ಆರಂಭಿಸಿ, ಗಡಸಾದುದನ್ನೂ ಬಲವಾದುದನ್ನೂ ಎದುರಿಸುವಲ್ಲಿ ಅದನ್ನು ಮೀರಿಸುವುದು ಯಾವುದೂ ಇಲ್ಲ ಎಂದು ಮುಂದುವರಿಯುತ್ತದೆ. ಅಂದರೆ ಅಲ್ಲಿನ ಮೃದುತ್ವ ಎದುರಿಸುವ ಒಂದು ಬಗೆ. ಬಂಡೆ ಎದುರಾದಾಗ ನೀರು ಅದರ ಕೆಳಗೆ ಕುಳಿತು ಬಂಡೆ ಒಳ್ಳೆಯದಾಗಲೆಂದು ಹಾರೈಸುವುದಿಲ್ಲ. ಪಕ್ಕದಲ್ಲಿ ಸಂದು ಸಿಕ್ಕರೆ ಹರಿದು ಹೋಗಿಬಿಡುತ್ತದೆ. ದಾರಿ ಹುಡುಕುವ ಸ್ವಾತಂತ್ರ್ಯ ಉಳ್ಳವರ ಮೃದುತ್ವಕ್ಕೆ ಮಾತ್ರ ಬಲವಿರುತ್ತದೆ. ಬೇರೆ ದಾರಿಯಿಲ್ಲದವರು ತಗ್ಗುವುದಕ್ಕೆ ಹೆಸರೇ ಬೇರೆ, ಅದಕ್ಕೆ ಭಯ ಎನ್ನುತ್ತಾರೆ.

ನಿಮ್ಮ ಸಂದರ್ಭದಲ್ಲಿ ಮೊದಲು ಬರಬೇಕಾದದ್ದು ಸುರಕ್ಷತೆ. ನಡೆದದ್ದನ್ನು ನೀವು ನಂಬುವ ಕನಿಷ್ಠ ಇಬ್ಬರಿಗೆ ತಿಳಿಸಿ. ಗುರುತಿನ ಕಾಗದಗಳನ್ನೂ ಸ್ವಲ್ಪ ಹಣವನ್ನೂ ತಕ್ಷಣ ಕೈಗೆ ಸಿಗುವಲ್ಲಿ ಇಡಿ. ಮಹಿಳೆಯರ ರಕ್ಷಣೆಗೆ ಕೆಲಸ ಮಾಡುವವರ ಜೊತೆ, ಕಾನೂನು ಬಲ್ಲವರ ಜೊತೆ ಮಾತನಾಡಿ; ಮತ್ತೆ ಕೈ ಎತ್ತಿದರೆ ಪೊಲೀಸರ ನೆರವು ಕೇಳಲು ಹಿಂಜರಿಯಬೇಡಿ. ಒಂದು ವಿಷಯದಲ್ಲಿ ವಿಶೇಷ ಎಚ್ಚರ ಬೇಕು: ಇಬ್ಬರೂ ಕೂಡಿ ಆಪ್ತಸಮಾಲೋಚನೆಗೆ ಹೋಗಿ ಎಂದು ಯಾರಾದರೂ ಹೇಳಿದರೆ ಈಗಲೇ ಒಪ್ಪಬೇಡಿ. ಹಿಂಸೆಯ ಭಯ ಇರುವಾಗ ಆ ಕೋಣೆಯಲ್ಲಿ ನೀವು ನಿಜವನ್ನು ಹೇಳಲಾರಿರಿ, ಹೇಳಿದರೆ ಮನೆಗೆ ಮರಳಿದ ಮೇಲೆ ಅದರ ಬೆಲೆ ತೆರಬೇಕಾದೀತು. ಮೊದಲು ನೀವೊಬ್ಬರೇ ಹೋಗಿ.

ಪ್ರಶ್ನೆ: ನನ್ನ ಮಗನಿಗೆ 17 ವರ್ಷ. ಅವನ ಒಳ್ಳೆಯದಕ್ಕಾಗಿ ವೇಳಾಪಟ್ಟಿ ಮಾಡಿಕೊಟ್ಟಿದ್ದೇನೆ, ಒಳ್ಳೆಯ ಪುಸ್ತಕಗಳನ್ನು ತಂದಿಟ್ಟಿದ್ದೇನೆ, ದಿನವೂ ಕೂರಿಸಿಕೊಂಡು ತಿಳಿ ಹೇಳುತ್ತೇನೆ. ಅವನು ನನ್ನೊಡನೆ ಮಾತನಾಡುವುದನ್ನೇ ಬಿಟ್ಟಿದ್ದಾನೆ. ಹಾಗೆಂದು ‘ತಾನಾಗಿ ಸರಿಹೋಗುತ್ತಾನೆ’ ಎಂದು ಕೈಚೆಲ್ಲಿ ಕೂರಲು ತಂದೆಯಾದವನಿಗೆ ಸಾಧ್ಯವೇ?

ಉತ್ತರ: ಸಾಧ್ಯವಿಲ್ಲ, ಹಾಗೆ ಕೂರಬೇಕಾಗಿಯೂ ಇಲ್ಲ. ನಿಮ್ಮ ಪತ್ರವನ್ನು ಓದಿದಾಗ ನನಗೆ ಚುವಾಂಗ್‌ತ್ಸೆಯ 18ನೆಯ ಅಧ್ಯಾಯದ ಕಡಲ ಹಕ್ಕಿ ನೆನಪಾಯಿತು. ಲು ರಾಜ್ಯದ ರಾಜಧಾನಿಯ ಹೊರವಲಯಕ್ಕೆ ಒಂದು ಕಡಲ ಹಕ್ಕಿ ಬಂದಿಳಿಯಿತು. ಅಲ್ಲಿನ ಅರಸ ಸಂತೋಷಗೊಂಡು ಅದನ್ನು ಬರಮಾಡಿಕೊಂಡ. ಅದಕ್ಕಾಗಿ ರಾಜಸಂಗೀತ ನುಡಿಸಿದ, ಮದ್ಯ ಕುಡಿಸಿದ, ಯಜ್ಞಕ್ಕೆ ಮೀಸಲಾದ ಮಾಂಸವನ್ನು ಬಡಿಸಿದ. ಹಕ್ಕಿಯ ಕಣ್ಣು ಮಂಜಾಯಿತು. ಅದು ಒಂದು ತುತ್ತು ತಿನ್ನಲಿಲ್ಲ, ಒಂದು ಗುಟುಕು ಕುಡಿಯಲಿಲ್ಲ, ಮೂರು ದಿನದಲ್ಲಿ ಸತ್ತುಹೋಯಿತು. ಅರಸ ತನಗೆ ಹಿತವಾದುದರಿಂದ ಹಕ್ಕಿಯನ್ನು ಸಾಕಿದ, ಹಕ್ಕಿಗೆ ಹಿತವಾದುದರಿಂದ ಸಾಕಲಿಲ್ಲ ಎಂದು ಚುವಾಂಗ್‌ತ್ಸೆ ಹೇಳುತ್ತಾನೆ. ಅರಸನ ಪ್ರೀತಿ ಸುಳ್ಳಾಗಿರಲಿಲ್ಲ ಎಂಬುದೇ ಈ ಕತೆಯ ನೋವು. ನಿಮ್ಮದೂ ಸುಳ್ಳಲ್ಲ.

ಹಕ್ಕಿಯನ್ನು ಗಮನಿಸುವುದು ಕೈಚೆಲ್ಲುವುದಲ್ಲ, ಅದು ತಿಳಿ ಹೇಳುವುದಕ್ಕಿಂತ ಹೆಚ್ಚು ಶ್ರಮದ ಕೆಲಸ. ನಾನು ಆಪ್ತಸಮಾಲೋಚನೆ ಆರಂಭಿಸಿದ ವರ್ಷಗಳಲ್ಲಿ, ಎದುರು ಕೂತವರ ತೊಂದರೆ ಅರ್ಧ ಕೇಳುವಷ್ಟರಲ್ಲಿ ಪರಿಹಾರ ನಾಲಿಗೆಯ ತುದಿಗೆ ಬಂದಿರುತ್ತಿತ್ತು. ಅದನ್ನು ಹೇಳದೆ ಇನ್ನೂ ಹತ್ತು ನಿಮಿಷ ಕಾದರೆ, ಅವರೇ ನನಗೆ ಹೊಳೆಯದ ಇನ್ನೊಂದು ಉಪಾಯವನ್ನು ಹೇಳುತ್ತಾರೆಂದು ಕಲಿಯಲು ಬಹಳ ಕಾಲ ಹಿಡಿಯಿತು. ಲಾವೋತ್ಸೆಯ 17ನೆಯ ಅಧ್ಯಾಯದಲ್ಲಿ ಅತ್ಯುತ್ತಮ ಅರಸನ ಬಗ್ಗೆ, ಅವನ ಕೆಲಸ ಮುಗಿದಾಗ ಜನರು ‘ಇದು ನಮ್ಮಿಂದಲೇ ಆಯಿತು’ ಎನ್ನುತ್ತಾರೆ ಎಂಬ ಮಾತಿದೆ. ಒಳ್ಳೆಯ ಚಿಕಿತ್ಸಕರ ಗುರುತು ಅದು, ಒಳ್ಳೆಯ ತಂದೆಯದೂ ಹೌದು.

ಒಂದು ತಿಂಗಳ ಮಟ್ಟಿಗೆ ದಿನದ ತಿಳಿವಳಿಕೆ ಮಾತನ್ನು ಪೂರ್ತಿ ನಿಲ್ಲಿಸಿ. ನಿಲ್ಲಿಸುತ್ತಿದ್ದೇನೆಂದು ಅವನಿಗೆ ನೇರವಾಗಿ ಹೇಳಿ: ‘ನಾನು ಬಹಳ ಮಾತಾಡಿಬಿಟ್ಟೆ, ನಿನ್ನನ್ನು ಕೇಳಿಸಿಕೊಳ್ಳಲಿಲ್ಲ’ ಎಂಬಷ್ಟು ಸಾಕು. ವೇಳಾಪಟ್ಟಿಯನ್ನು ಅವನೇ ಮಾಡಲಿ, ಕೆಟ್ಟದಾಗಿ ಮಾಡಿದರೂ ಸರಿ. ಮನೆಯ ಎರಡೋ ಮೂರೋ ನಿಯಮಗಳು ಹಾಗೆಯೇ ಇರಲಿ. ನದಿಗೆ ದಡ ಬೇಕು. ದಿನಕ್ಕೆ ಅರ್ಧ ಗಂಟೆ ಅವನಿರುವ ಕಡೆ, ಓದಿನ ಬಗ್ಗೆ ಒಂದೂ ಪ್ರಶ್ನೆ ಕೇಳದೆ ಇರಿ. ಮೊದಲ ವಾರಗಳಲ್ಲಿ ಅವನು ಮಾತನಾಡದಿದ್ದರೆ ಪ್ರಯೋಗ ಸೋತಿತೆಂದು ತಿಳಿಯಬೇಡಿ, ಅವನು ನಿಮ್ಮನ್ನು ಪರೀಕ್ಷಿಸುತ್ತಿದ್ದಾನೆ.

ಈ ತಾಳ್ಮೆಗೆ ಒಂದು ಗಡಿ ಇದೆ. ಅವನು ಗೆಳೆಯರನ್ನೂ ಬಿಟ್ಟಿದ್ದರೆ, ಊಟ ಮತ್ತು ನಿದ್ರೆ ಏರುಪೇರಾಗಿದ್ದರೆ, ಮೊದಲು ಇಷ್ಟವಿದ್ದ ಯಾವುದೂ ಈಗ ಬೇಡವಾಗಿದ್ದರೆ, ಅದು ಮುನಿಸಲ್ಲ, ಖಿನ್ನತೆಯಿರಬಹುದು. ಸಾವಿನ ಮಾತು ಒಮ್ಮೆ ಬಂದರೂ ಅಂದೇ ವೈದ್ಯರನ್ನು ಕಾಣಿ, ಅವನನ್ನು ಒಂಟಿಯಾಗಿ ಬಿಡಬೇಡಿ.

ಪ್ರಶ್ನೆ: ಖಿನ್ನತೆಗೆ ಎಂಟು ತಿಂಗಳಿಂದ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ತಾವೋ ಪ್ರಕಾರ ‘ಸಹಜವಾಗಿರುವುದು’ ಮುಖ್ಯವಾದ್ದರಿಂದ ಮಾತ್ರೆ ನಿಲ್ಲಿಸಿ ಧ್ಯಾನ ಮಾತ್ರ ಮಾಡಬಹುದೇ?

ಉತ್ತರ: ನೀವಾಗಿಯೇ ನಿಲ್ಲಿಸಬೇಡಿ. ಈ ಮಾತ್ರೆಗಳನ್ನು ಥಟ್ಟನೆ ಬಿಟ್ಟರೆ ತಲೆಸುತ್ತು, ನಿದ್ರಾಭಂಗ, ಚಡಪಡಿಕೆಯಂಥ ತೊಂದರೆಗಳು ಬರಬಹುದು, ಕಾಯಿಲೆ ಮರುಕಳಿಸಬಹುದು. ಬಿಡುವುದಾದರೆ ವೈದ್ಯರು ಹಂತ ಹಂತವಾಗಿ ಪ್ರಮಾಣವನ್ನು ಇಳಿಸುತ್ತಾರೆ. ಬಿಡಬೇಕೆಂಬ ನಿಮ್ಮ ಬಯಕೆಯನ್ನು ಮುಂದಿನ ಭೇಟಿಯಲ್ಲಿ ಅವರಿಗೆ ಮುಚ್ಚುಮರೆಯಿಲ್ಲದೆ ತಿಳಿಸಿ. ‘ಸಹಜ’ ಎಂಬ ಪದದ ಅರ್ಥ ಔಷಧವಿಲ್ಲದ್ದು ಎಂದಲ್ಲ. ಕಾಯಿಲೆ ಇರುವಾಗ ಅದನ್ನು ಇದೆಯೆಂದು ಒಪ್ಪಿ, ಅದಕ್ಕೆ ಬೇಕಾದುದನ್ನು ಕೊಡುವುದೂ ಸಹಜವೇ.

ಪ್ರಶ್ನೆ: ನನಗೆ 27 ವರ್ಷ. ಐದು ವರ್ಷಗಳಿಂದ ವ್ಯಕ್ತಿತ್ವ ವಿಕಸನದಲ್ಲಿ ತೊಡಗಿಕೊಂಡಿದ್ದೇನೆ. ಬೆಳಗಿನ ಜಾವ ಏಳುವುದು, ದಿನಚರಿ ಬರೆಯುವುದು, ಗುರಿಗಳ ಪಟ್ಟಿ, ಆನ್‌ಲೈನ್ ಕೋರ್ಸ್‌ಗಳು, ಎಲ್ಲವನ್ನೂ ಮಾಡುತ್ತೇನೆ. ಆದರೂ ದಿನದ ಕೊನೆಗೆ ನಾನಿನ್ನೂ ಸಾಲದು ಎಂಬ ಭಾವನೆಯೇ ಉಳಿಯುತ್ತದೆ. ತಾವೋ ಹೇಳುವಂತೆ ‘ಸಾಕು’ ಎಂದುಕೊಂಡರೆ ನಾನು ನಿಂತ ನೀರಾಗುತ್ತೇನೆಂಬ ಭಯವೂ ಇದೆ.

ಉತ್ತರ: ನಿಮ್ಮ ಶಿಸ್ತನ್ನು ನಾನು ಹಗುರವಾಗಿ ಕಾಣುವುದಿಲ್ಲ, ಅದು ಐದು ವರ್ಷ ನಡೆದುಬಂದಿದೆ. ಆದರೆ ನೀವು ಬರೆದ ಪಟ್ಟಿಯಲ್ಲಿ ಪ್ರತಿಯೊಂದೂ ಕೂಡಿಸುವ ಕೆಲಸವೇ ಆಗಿದೆ ಎಂಬುದನ್ನು ಗಮನಿಸಿದ್ದೀರಾ? ತಾವೋ ತೇ ಚಿಂಗ್‌ನ 48ನೆಯ ಅಧ್ಯಾಯ, ಕಲಿಕೆಯ ದಾರಿಯಲ್ಲಿ ದಿನದಿನವೂ ಏನಾದರೂ ಕೂಡುತ್ತದೆ, ತಾವೋ ದಾರಿಯಲ್ಲಿ ದಿನದಿನವೂ ಏನಾದರೂ ಕಳೆಯುತ್ತದೆ ಎನ್ನುತ್ತದೆ. ಎರಡೂ ದಾರಿಗಳೇ. ಕೌಶಲ ಬೇಕಾದಲ್ಲಿ ಕೂಡಿಸಬೇಕು. ಮನಸ್ಸು ತನ್ನನ್ನೇ ಸದಾ ತೂಗಿ ನೋಡುತ್ತಿರುವಲ್ಲಿ ಇನ್ನೊಂದು ಕೋರ್ಸ್ ಕೂಡಿಸಿದರೆ ತಕ್ಕಡಿಗೆ ಇನ್ನೊಂದು ಬಟ್ಟು ಹಾಕಿದಂತಾಗುತ್ತದೆ, ಅಷ್ಟೆ.

ನಿಂತ ನೀರಾಗುವ ಭಯಕ್ಕೆ ಚುವಾಂಗ್‌ತ್ಸೆಯ 19ನೆಯ ಅಧ್ಯಾಯದ ಬಿಲ್ಲುಗಾರನಲ್ಲಿ ಉತ್ತರವಿದೆ. ಹೆಂಚಿನ ಚೂರನ್ನು ಪಣಕ್ಕಿಟ್ಟು ಗುರಿ ಹಿಡಿದಾಗ ಅವನ ಕೈ ಪಳಗಿದ ಕೈ. ನಡುಪಟ್ಟಿಯ ಕೊಂಡಿಯನ್ನು ಪಣಕ್ಕಿಟ್ಟಾಗ ಅಳುಕು ಮೂಡುತ್ತದೆ. ಚಿನ್ನ ಪಣವಾದಾಗ ಅವನು ಕಂಗೆಡುತ್ತಾನೆ. ಮೂರು ಸಲವೂ ಕೌಶಲ ಒಂದೇ. ಬದಲಾದದ್ದು ಪಣ, ಹೊರಗಿನ ವಸ್ತುವಿಗೆ ಬೆಲೆ ಏರಿದಂತೆ ಒಳಗಿನದು ತಡವರಿಸುತ್ತದೆ. ನೀವು ಪ್ರತಿ ದಿನವನ್ನೂ ಚಿನ್ನದ ಪಣಕ್ಕೆ ಆಡುತ್ತಿದ್ದೀರಿ. ಅಲ್ಲಿ ಪಣಕ್ಕಿರುವ ವಸ್ತು ನಿಮ್ಮ ಯೋಗ್ಯತೆಯೇ ಆಗಿದೆ. ‘ಸಾಕು’ ಎಂಬ ಮಾತು ಗುರಿಯನ್ನು ಕೈಬಿಡು ಎನ್ನುವುದಿಲ್ಲ, ಪಣವನ್ನು ಕೆಳಗಿಡು ಎನ್ನುತ್ತದೆ. ನನ್ನನ್ನು ನಾನಿರುವಂತೆಯೇ ಒಪ್ಪಿಕೊಂಡಾಗ ನಾನು ಬದಲಾಗಬಲ್ಲೆ, ಇದೊಂದು ವಿಚಿತ್ರ ವಿರೋಧಾಭಾಸ ಎಂದು ಕಾರ್ಲ್ ರೋಜರ್ಸ್ ಹೇಳಿದ್ದು ಇದನ್ನೇ. ಚಿಕಿತ್ಸೆಯಲ್ಲಿ ಇದನ್ನು ನಾನು ಅನೇಕ ಸಲ ಕಂಡಿದ್ದೇನೆ: ತನ್ನನ್ನು ಹಳಿದುಕೊಳ್ಳುವುದನ್ನು ನಿಲ್ಲಿಸಿದವರು ಸೋಮಾರಿಗಳಾಗಲಿಲ್ಲ, ವರ್ಷಗಳಿಂದ ಮುಂದೂಡಿದ್ದ ಕೆಲಸವನ್ನು ಕೈಗೆತ್ತಿಕೊಂಡರು. ಹಳಿದುಕೊಳ್ಳುವುದಕ್ಕೆ ವ್ಯಯವಾಗುತ್ತಿದ್ದ ಬಲ ಅವರಿಗೆ ಮರಳಿ ಸಿಕ್ಕಿತ್ತು.

ಶ್ರಮವಿಲ್ಲದ ನಿಪುಣತೆಯ ಚಿತ್ರವಾಗಿ ಎಲ್ಲರೂ ಹೇಳುವ ಅಡುಗೆಯಾಳು ದಿಂಗ್‌ನ ಕತೆ ಅದೇ ಗ್ರಂಥದ ಮೂರನೆಯ ಅಧ್ಯಾಯದಲ್ಲಿದೆ. 19 ವರ್ಷಗಳಲ್ಲಿ ಸಾವಿರಾರು ಎತ್ತುಗಳನ್ನು ಸೀಳಿದರೂ ಅವನ ಕತ್ತಿ ಆಗಷ್ಟೇ ಸಾಣೆ ಹಿಡಿದಂತಿದೆ, ಏಕೆಂದರೆ ಅವನು ಎಲುಬನ್ನು ಕಡಿಯದೆ ಸಂದುಗಳಲ್ಲಿ ಕತ್ತಿಯನ್ನು ಹರಿಸುತ್ತಾನೆ. ಕತೆಯ ಒಂದು ಭಾಗವನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಜಟಿಲವಾದ ಕೀಲು ಎದುರಾದಾಗ ತಾನು ಕಷ್ಟವನ್ನು ಕಂಡು ಎಚ್ಚರಗೊಳ್ಳುತ್ತೇನೆ, ದೃಷ್ಟಿಯನ್ನು ಅಲ್ಲೇ ನೆಡುತ್ತೇನೆ, ಕೈಯನ್ನು ನಿಧಾನಿಸುತ್ತೇನೆ ಎಂದು ದಿಂಗ್ ಹೇಳುತ್ತಾನೆ. 19 ವರ್ಷ ಪಳಗಿದವನಿಗೂ ಕೀಲುಗಳು ಎದುರಾಗುತ್ತವೆ. ಅಲ್ಲಿ ಅವನು ಬಲ ಹೆಚ್ಚಿಸುವುದಿಲ್ಲ, ವೇಗ ತಗ್ಗಿಸುತ್ತಾನೆ.

ನಿಮ್ಮ ದಿನಚರಿಯ ಪಟ್ಟಿಯನ್ನು ಎದುರಿಗಿಟ್ಟುಕೊಂಡು, ಅದರಲ್ಲಿ ಯಾವುದನ್ನು ಮಾಡುವಾಗ ಹೊತ್ತು ಹೋದದ್ದೇ ತಿಳಿಯುವುದಿಲ್ಲ, ಯಾವುದನ್ನು ಮಾಡದಿದ್ದರೆ ತಪ್ಪಿತಸ್ಥ ಭಾವ ಕಾಡುತ್ತದೆ ಎಂದು ಗುರುತು ಹಾಕಿ. ಎರಡನೆಯ ಗುಂಪಿನಿಂದ ಒಂದನ್ನು, ಒಂದನ್ನು ಮಾತ್ರ, ಎರಡು ತಿಂಗಳು ಕೈಬಿಡಿ. ಆ ಹೊತ್ತಿಗೆ ಬೇರೇನನ್ನೂ ತುಂಬಬೇಡಿ. ಮೊದಲ ಕೆಲವು ದಿನ ಚಡಪಡಿಕೆಯಾಗುತ್ತದೆ. ಅದನ್ನು ಹೋಗಲಾಡಿಸಲು ಹೋಗದೆ, ದಿನಚರಿ ಪುಸ್ತಕದಲ್ಲಿ ಅದು ಎಷ್ಟು ಹೊತ್ತು ಇತ್ತು, ಆಮೇಲೆ ಕೈ ತಾನಾಗಿ ಯಾವ ಕೆಲಸದ ಕಡೆ ಹೋಯಿತು ಎಂಬುದನ್ನಷ್ಟೇ ಬರೆದಿಡಿ. ಆ ಪುಟಗಳಲ್ಲಿ ನಿಮಗೆ ಕಂಡದ್ದನ್ನು ನನಗೆ ಬರೆದು ತಿಳಿಸಿ. ಮುಂದಿನದನ್ನು ಅಲ್ಲಿಂದ ಯೋಚಿಸೋಣ.